ಬಿಳಿ ಗೂಟದ ರಾಗಿ

ಕೊಯಮತ್ತೂರು ಕಡೆಯ ಒಂದು ಗೊಬ್ಬರದ ಕಂಪನಿಯವರು ನಮ್ಮೂರು ತಿಗನಾರೆಯಲ್ಲಿ ಹೊಲ ಹುಡುಕಿಕೊಂಡು ಬಂದಾಗ, ನಿಮ್ಮ ತಾತನ ಅಕ್ಷರ ಚೆನ್ನಾಗಿದೆಯೆಂದು ನಮ್ಮ ಹೊಲವನ್ನೇ ಆರಿಸಿದರು. ಹೊಸ ದ್ರವಗೊಬ್ಬರವೊಂದನ್ನು ರಾಗಿಗೆ ಹಾಕಿ ಪರೀಕ್ಷಿಸಬೇಕಿತ್ತು. ಒಂದು ಪಟ್ಟಿಗೆ ಕೆಂಪು ಗೂಟ ನೆಟ್ಟರು. ಅದಕ್ಕೆ ಆ ಗೊಬ್ಬರ. ಹೋಲಿಸಿ ನೋಡಲು ಪಕ್ಕದ ಪಟ್ಟಿಗೆ ಬಿಳಿ ಗೂಟ. ಅದಕ್ಕೆ ಏನೂ ಇಲ್ಲ, ಒಂದು ಹಿಡಿ ತಿಪ್ಪೆಗೊಬ್ಬರ ಕೂಡ ಬೀಳಕೂಡದು. ವಾರಕ್ಕೊಮ್ಮೆ ಎರಡನ್ನೂ ಅಳೆದು ಪುಸ್ತಕದಲ್ಲಿ ಬರೆಯುವುದು ತಾತನ ಕೆಲಸ.

ಕಂಪನಿಗೆ ಇದರಿಂದ ಏನು ಬರುತ್ತದೆ ಎಂದು ನಿಮ್ಮಜ್ಜಿಯಾದ ನಾನು ತಾತನನ್ನು ಕೇಳಿದೆ.

"ಒಸದು ಕಂಡಿಡಿಯಕ್ಕೆ ಕರ್ಚು ಮಾಡುದ್ರೆ ಸರ್ಕಾರ ಅವ್ರು ಕಟ್ಟೋ ತೆರಿಗೇಲಿ ಕಮ್ಮಿ ಮಾಡ್ತದಂತೆ ಕಣಮ್ಮಿ. ಗೊಬ್ಬರ ಕೆಲಸ ಮಾಡ್ನಿಲ್ಲ ಅಂದ್ರೂ ಸರಿಯಂತೆ. ಬರ್ದಿರೋದು ಮಾತ್ರ ನಿಜ ಇರ್ಬೇಕು."

"ಸೋತ್ರೂ ಕಮ್ಮಿ ಮಾಡಾರಾ? ನಮ್ ಒಲ ಸೋತ್ರೆ ಯಾವೋನ್ ಕೇಳಾನು?"

"ನೀನೂ ಒಂದ್ ಕಂಪ್ನಿ ಮಾಡ್ಕ ಓಗು" ಎಂದು ನಕ್ಕರು.

ಪಕ್ಕದ ಹೊಲದವರು ತಾತನ ಜೊತೆಯಲ್ಲೇ ಬೆಳೆದವರು. ಅವರದೊಂದು ಎತ್ತು, ನಮ್ಮದೊಂದು ಎತ್ತು ಕಟ್ಟಿ ಎರಡೂ ಹೊಲ ಉಳುತ್ತಿದ್ದರು. ತಾತ ಸ್ಕೇಲು ಹಿಡಿದು ಬಗ್ಗಿದರೆ ಸಾಕು, ಬದುವಿನ ಮೇಲೆ ನಿಂತು ಕೂಗುವರು: "ಏನ್ಲಾ ಅಳತೆಗಾರ, ರಾಗಿಗೆ ಚಡ್ಡಿ ಒಲ್ಸೀಯಾ?"

"ನಿಂಗೂ ಒಂದ್ ಒಲ್ಸ್ತೀನಿ ನಿಂತ್ಕ. ನಿಂದು ಅರ್ದೋಗದೆ!"

ನಡುವೆ ಮಳೆ ಕೈಕೊಟ್ಟಿತು. ಬಿಳಿ ಗೂಟದ ಪೈರು ಹಳದಿಗಟ್ಟಿತು, ಕೆಂಪು ಗೂಟದ್ದು ಹಸಿರಾಗೇ ಇತ್ತು. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರಿಗೆ ಬಡಿಸಿ, ಇನ್ನೊಬ್ಬರ ಎಲೆಯನ್ನು ಬರಿದಾಗಿ ಬಿಡುವುದು ಪಾಪ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಕಳೆ ಕೀಳಲು ಹೋದಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು. ತಾತ ತಾಳವಾಡಿಗೆ ಹೋದ ದಿನ, ಸಗಣಿ ಕದಡಿದ ನೀರನ್ನು ಬಿಂದಿಗೆಯಲ್ಲಿ ಹೊತ್ತುಕೊಂಡು ಹೋಗಿ ಬಿಳಿ ಪಟ್ಟಿಗೆ ಹುಯ್ದೆ. ಆಮೇಲೆ ಇನ್ನೂ ಮೂರು ಸಲ ಹುಯ್ದೆ.

ಪೈರು ಎದ್ದು ನಿಂತಿತು. ಅದನ್ನೂ ತಾತ ಇದ್ದದ್ದು ಇದ್ದ ಹಾಗೆ ಬರೆದರು. "ಬಡವ್ರ ಮಕ್ಳು ಕಣಮ್ಮಿ, ಅಂಗೇ ಬೆಳ್ಕತವೆ" ಎಂದರು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ತೆನೆ ಬರುವ ಹೊತ್ತಿಗೆ ಕಂಪನಿಯ ಹುಡುಗಿ ಲೆಕ್ಕ ತಪಾಸಣೆಯವರೊಬ್ಬರನ್ನು ಕರೆತಂದಳು. ತೆರಿಗೆ ರಿಯಾಯಿತಿ ಕೇಳುವ ಮುಂಚೆ, ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡಲು ಬಂದವರು. ಹುಡುಗಿ ಬಿಳಿ ಪಟ್ಟಿಯಿಂದ ಒಂದು ಬುಡ ಕಿತ್ತು ಜಗುಲಿಗೆ ತಂದಳು. ಉಗುರಿನಿಂದ ಕೆರೆದಾಗ ಒಣಗಿದ ಸಗಣಿ ಉದುರಿತು. ಯಾರು ಹಾಕಿದ್ದು ಎಂದು ತಮಿಳಿನಲ್ಲಿ ಕೇಳಿದಳು.

"ಯಾರೂ ಆಕಿಲ್ಲಮ್ಮ. ನನ್ ಮಕ್ಳಾಣೆ" ಎಂದರು ತಾತ.

ನಾನು ಕಾಫಿ ಹಿಡಿದು ಬಾಗಿಲ ಒಳಗೆ ನಿಂತಿದ್ದೆ. ಹೊರಗಿನವರ ಮುಂದೆ ನಾನು ಬಾಯಿ ತೆರೆದವಳೇ ಅಲ್ಲ. ತೆರೆಯಬೇಕಿದ್ದ ದಿನವೂ ತೆರೆಯಲಿಲ್ಲ. ದಾಖಲೆ ನಂಬುವಂತಿಲ್ಲ, ಈ ಹೊಲದ ಖರ್ಚನ್ನು ಸಂಶೋಧನೆ ಎಂದು ತೋರಿಸಲಾಗದು ಎಂದು ಬಂದವರು ಹೇಳಿದರು. ಹುಡುಗಿ ಪುಸ್ತಕವನ್ನು ತಾತನ ಕೈಯಲ್ಲಿಟ್ಟು ಕಾರು ಹತ್ತಿದಳು.

ತಾತ ಆ ಬುಡವನ್ನು ಕೈಗೆತ್ತಿಕೊಂಡು ತಾವೂ ಕೆರೆದು ನೋಡಿದರು. ಆಮೇಲೆ ಬದುವಿನ ಕಡೆ ತಿರುಗಿದರು. "ಅವ್ನೇ ಕಣಮ್ಮಿ. ನನ್ನ ಅಂಗಿಸ್ತಾ ಅಂಗಿಸ್ತಾ ಇಂಗ್ ಮಾಡ್ಬುಟ್ಟ."

ಇಲ್ಲ ಎನ್ನಲು ನನಗೆ ಇಡೀ ಮೂರು ವರ್ಷ ಸಿಕ್ಕಿತ್ತು. ತಾತ ತಮ್ಮ ಎತ್ತನ್ನು ಬೇರೆ ಕಟ್ಟಿದರು. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿದರು. ನಿಮಗೂ ಆ ಮನೆಗೆ ಹೋಗಬೇಡಿ ಎಂದರು. ಹಾಗೆಯೇ ತೀರಿಕೊಂಡರು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಮೊದಲಿಗರು ಪಕ್ಕದ ಹೊಲದವರೇ.

ಹೋದ ವಾರ ಅವರ ಜಗುಲಿಗೆ ಹೋಗಿ, ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಹೇಳಿದೆ.

"ಗೊತ್ತು ಕಣವ್ವ" ಎಂದರು. "ನೀ ಬಿಂದ್ಗೆ ಒತ್ಕಂಡ್ ಓಗೋದ್ನ ಬದಿನ್ ಮೇಲಿಂದ ನೋಡಿದ್ದೆ."

"ಅವ್ರಿಗೆ ಯಾಕ್ ಯೋಳ್ನಿಲ್ಲ?"

"ಯೋಳಿದ್ರೆ ನಿನ್ ಕುಟ್ಟೆ ಮಾತು ಬುಟ್ಬುಡೋನು. ಒಂದೇ ಮನೇಲಿ ಅದಾದದಾ? ನನ್ನ ಬುಟ್ಟ, ಓಗ್ಲಿ ಬುಡು."

ನಮ್ಮ ಹೊಲದ ಕಡೆ ಮುಖ ಮಾಡಿ, "ಒಂದ್ಸಲ ಬೈಯ್ಯಕ್ಕಾದ್ರೂ ಬತ್ತಾನೆ ಅಂತ ಕಾದಿದ್ದೆ" ಎಂದರು.

ಮಕ್ಕಳೇ, ತಾತ ಬರೆದ ಅಳತೆಯಲ್ಲಿ ಒಂದೂ ಸುಳ್ಳಲ್ಲ. ಪಕ್ಕದ ಮನೆಯವರದೂ ತಪ್ಪಿಲ್ಲ. ತಪ್ಪು ನನ್ನದು. ತಾತ ನಿಮಗೆ ಬೇಡ ಎಂದಿದ್ದ ಆ ಮನೆಗೆ ಈ ರಜೆಯಲ್ಲಿ ಹೋಗಿ. ಅವರಿಗೆ ಈಗ ಕಣ್ಣು ಮಂಜು. ಯಾರ ಮೊಮ್ಮಕ್ಕಳು ಎಂದು ನೀವೇ ಹೇಳಬೇಕು.