ಎಡಗಡೆಯ ದೀಪ

ಇನ್ಸೋನ್ ಮಾವ ಇಪ್ಪತ್ತೆಂಟು ವರ್ಷ ಒಂದೇ ಪಿಕಪ್ ಓಡಿಸಿದರು. ಬೆಳಗಿನ ಜಾವ ನಮ್ಮ ಬೆಟ್ಟದೂರಿನ ಹೆಂಗಸರನ್ನೂ ಅವರ ಸೊಪ್ಪಿನ ಬುಟ್ಟಿಗಳನ್ನೂ ಹಿಂದೆ ಕೂರಿಸಿಕೊಂಡು ಪುವಾ ಪೇಟೆಗೆ ಇಳಿಯುತ್ತಿದ್ದರು. ನಾನು ಕಾಲೇಜಿಗೆ ಹೋದದ್ದೂ ಆ ಬುಟ್ಟಿಗಳ ನಡುವೆ ಕೂತೇ. ಬೇರೆ ಕೆಲಸ ಅವರಿಗೆ ಗೊತ್ತಿರಲಿಲ್ಲ.

ಕೊನೆಯ ವರ್ಷ ಅವರು ಗಾಡಿಯ ದೀಪದ ಹಿಂದೆ ಬಿದ್ದರು. ಮೊದಲು ಮಬ್ಬಾದ ಗಾಜು ಉಜ್ಜಿಸಿದರು. ಆಮೇಲೆ ಬಲ್ಬು ಬದಲಿಸಿದರು. ಮಳೆಗಾಲ ಕಳೆದ ಮೇಲೆ ಇಡೀ ಜೋಡಿಯನ್ನೇ ಹೊಸದು ಹಾಕಿಸಲು ಪೇಟೆಯಲ್ಲಿದ್ದ ನಮ್ಮೂರ ಹುಡುಗಿ ಸಾಯ್‌ಫೋನ್‌ಳ ಗಾಡಿ ವೈರಿಂಗ್ ಅಂಗಡಿಗೆ ಬಂದರು. ಊರಿಗೆ ಮರಳಲು ಕಾಯುತ್ತ ನಾನೂ ಅಲ್ಲಿ ಕೂತಿದ್ದೆ.

"ಮೂರನೇ ಸಲ, ಮಾವ. ಗಾಡಿಗೇನು ಮದುವೆಯಾ?" ಎಂದಳು ಸಾಯ್‌ಫೋನ್.

"ನೀನು ಹಾಕೋ ಲೈಟಿಗಿಂತ ಮಿಣುಕುಹುಳ ವಾಸಿ ಕಣೇ. ಅದಕ್ಕೇ ಬರ್ತೀನಿ."

ಅವಳು ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದಳು. ಬೆಳಕಿನ ಎತ್ತರ ನೋಡಲು ಗೋಡೆಗೆ ಟೇಪು ಅಂಟಿಸಿ, ಶಟರ್ ಇಳಿಸಿ ಕತ್ತಲು ಮಾಡಿದಳು. ಮಾವ ಸ್ಟಿಯರಿಂಗ್ ಹಿಂದೆ ಕೂತು ಸ್ವಿಚ್ ಒತ್ತಿದರು.

"ಎರಡೂ ಸಮ ಇದೆಯಾ?" ಎಂದು ಕೇಳಿದಳು ಸಾಯ್‌ಫೋನ್.

"ಸಮ ಇದೆ. ಈಗ ಲೈಟ್ ಅಂದ್ರೆ ಲೈಟು" ಎಂದರು ಮಾವ.

ಎಡಗಡೆಯ ದೀಪದ ವೈರು ಇನ್ನೂ ಸಾಯ್‌ಫೋನ್‌ಳ ಕೈಯಲ್ಲೇ ಇತ್ತು. ಗೋಡೆಯ ಮೇಲೆ ಬಲಗಡೆ ಒಂದೇ ಬೆಳಕು ಬಿದ್ದಿತ್ತು.

"ಯಾವಾಗಿಂದ, ಮಾವ?"

ಅವರು ಸ್ಟಿಯರಿಂಗ್ ಸವರಿದರು. "ಹೋದ ವರ್ಷದಿಂದ. ಎಡಗಣ್ಣು ಪೂರ್ತಿ ಹೋಗಿದೆ, ಮತ್ತೆ ಬರಲ್ಲ, ಇನ್ನೊಂದೂ ಸವೀತಿದೆ ಅಂದ್ರು ಡಾಕ್ಟ್ರು. ಯಾರಿಗೂ ಹೇಳ್ಬೇಡ."

"ನಮ್ಮಮ್ಮ ದಿನಾ ಮೆಣಸಿನಕಾಯಿ ಹೊತ್ಕೊಂಡು ಈ ಗಾಡೀಲೇ ಬರ್ತಾಳೆ."

"ಆ ದಾರಿ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು."

ಅವಳು ವೈರು ಜೋಡಿಸಿ ಕೆಲಸ ಮುಗಿಸಿದಳು. ಆದರೆ ಕೀಲಿ ಕೊಡಲಿಲ್ಲ, ಊರಿನ ತನಕ ತಾನೇ ಓಡಿಸಿದಳು. ಪಕ್ಕದಲ್ಲಿ ಕೂತ ಮಾವ ಪ್ರತಿ ತಿರುವನ್ನೂ ಬರುವ ಮೊದಲೇ ಹೇಳುತ್ತಿದ್ದರು. "ಬಲಕ್ಕೆ. ಈಗ ಇಳಿಜಾರು. ಸೇತುವೆ ಹತ್ರ ಗುಂಡಿ." ಒಂದೂ ತಪ್ಪಲಿಲ್ಲ. ಹಿಂದಿನ ಹಲಗೆಯ ಮೇಲೆ ಕೂತಿದ್ದ ನನಗೂ ತೆರೆದ ಕಿಟಕಿಯಿಂದ ಕೇಳುತ್ತಿತ್ತು. ಕಣ್ಣು ಹೋದರೂ ಇವರು ಓಡಿಸಬಲ್ಲರೇನೋ ಎಂದು ನಾನು ನಂಬತೊಡಗಿದ್ದೆ.

ದೇವಸ್ಥಾನ ದಾಟಿದ ಮೇಲೆ ಎಡಗಡೆಯ ಓಣಿಯಿಂದ ಬೈಕೊಂದು ನುಗ್ಗಿತು. ಹಿಂದೆ ಮಗುವನ್ನು ಕೂರಿಸಿಕೊಂಡ ಹೆಂಗಸು. ಸಾಯ್‌ಫೋನ್ ಒಮ್ಮೆಲೇ ಬ್ರೇಕ್ ಒತ್ತಿದಳು. ಬೈಕು ಒಂದು ಗೇಣಿನ ಅಂತರದಲ್ಲಿ ತಪ್ಪಿಸಿಕೊಂಡು ಹೋಯಿತು.

"ಏನಾಯ್ತು? ಯಾಕೆ ನಿಲ್ಲಿಸ್ದೆ?" ಎಂದರು ಮಾವ.

ಅವಳು ಹೇಳಿದಳು. ಆಮೇಲೆ ಅವರು ತಿರುವುಗಳನ್ನು ಹೇಳಲಿಲ್ಲ.

ಮನೆ ಮುಂದೆ ಸಾಯ್‌ಫೋನ್ ಕೀಲಿಯನ್ನು ಅವರ ಕೈಗೇ ಇಟ್ಟಳು. ಅವರು ಅದನ್ನು ಹೆಂಡತಿಗೆ ಕೊಟ್ಟರು. "ನಾಳೆಯಿಂದ ಬೇರೆ ಗಾಡಿ ನೋಡ್ಕೊಳ್ಳೋಕೆ ಹೇಳು ಸೊಪ್ಪಿನ ಹೆಂಗಸರಿಗೆಲ್ಲ" ಎಂದು ಒಳಗೆ ಹೋದರು.