ಪೂವಪ್ಪನ ಮುಟ್ಟಾಳೆ

ಮುಂಬಯಿಯ ಬೊರಿವಲಿಯ ಹೋಟೆಲಿನಲ್ಲಿ ಪಾರ್ಸೆಲ್ ಒಯ್ದು ಒಯ್ದೇ ತಲೆ ನರೆತ ಪೂವಪ್ಪನಿಗೆ ಲೈಸೆನ್ಸ್ ಇರಲಿಲ್ಲ. ಧಣಿ ಬ್ಯಾಟರಿ ಬೈಕು ತಂದು ನಿಲ್ಲಿಸಿದಾಗ ಅದು ಅಡ್ಡಿಯಾಗಲೂ ಇಲ್ಲ.

"ಇದು ಕಾನೂನಿನಲ್ಲಿ ಸೈಕಲ್ ಲೆಕ್ಕ. ಲೈಸೆನ್ಸ್ ಬೇಡ, ನಂಬರ್ ಬೇಡ, ಹೆಲ್ಮೆಟ್ಟೂ ಬೇಡ," ಎಂದ ಧಣಿ.

ಸೈಕಲ್ಲಿನ ಹಾಗೆ ತೆವಳುವವರೆಗೆ ಆ ಮಾತು ನಡೆಯಿತು. ಇಡ್ಲಿ ತಣ್ಣಗಾಗುತ್ತದೆಂದು ಗಿರಾಕಿಗಳು ಗೊಣಗಿದ್ದೇ, ಧಣಿ ಕುರ್ಲಾದ ಮೆಕ್ಯಾನಿಕ್ಕನ್ನು ಹಿಡಿದು ವೇಗ ತಡೆಯುವ ವೈರು ಕತ್ತರಿಸಿ ಹಾಕಿಸಿದ. ಆಮೇಲೆ ಅದು ಸದ್ದಿಲ್ಲದೆ ಸ್ಕೂಟರುಗಳನ್ನೇ ಹಿಂದೆ ಹಾಕತೊಡಗಿತು. ಹೆಸರು ಮಾತ್ರ ಸೈಕಲ್ಲೇ.

ಹೆಂಡತಿ ವಾರಿಜಾಳಿಗೆ ನಿದ್ದೆ ಹಾರಿತು. ಅವಳು ಆಸ್ಪತ್ರೆಯಲ್ಲಿ ಆಯಾ. ತಲೆ ಒಡೆದುಕೊಂಡು ಬಂದವರ ಕೂದಲ ರಕ್ತ ಒರೆಸುವುದು, ಹೇಲುಚ್ಚೆ ಬಳಿಯುವುದು ಅವಳ ಕೆಲಸ. ಗಟ್ಟಿ ಹೆಲ್ಮೆಟ್ಟೊಂದನ್ನು ತಂದು ಗಂಡನ ಮುಂದೆ ಕುಕ್ಕಿದಳು.

"ಪೊಲೀಸರೇ ಕೇಳುದಿಲ್ಲ. ನಿಂದೆಂತ ಮಾರಾಯ್ತಿ?"

"ನಮ್ಮ ವಾರ್ಡಿಗೆ ಬಂದವರೆಲ್ಲ ಪೊಲೀಸರನ್ನು ಕೇಳಿ ಬಿದ್ದದ್ದಾ?"

ಹಾಕಿಕೊಂಡ. ಆದರೆ ಗಲ್ಲದ ಪಟ್ಟಿ ಕಟ್ಟಲಿಲ್ಲ. ಊರಲ್ಲಿ ಅವನ ಅಪ್ಪ ಅಡಿಕೆ ಹಾಳೆಯ ಮುಟ್ಟಾಳೆ ತಲೆಗಿಟ್ಟುಕೊಂಡು ಗದ್ದೆಗಿಳಿಯುತ್ತಿದ್ದ. ಜಮೀನಿನ ಧಣಿಯ ನೆರಳು ಕಂಡರೆ ಸಾಕು, ಅದನ್ನು ತೆಗೆದು ಕಂಕುಳಿಗೆ ಸಿಕ್ಕಿಸುತ್ತಿದ್ದ. ಮಗನಿಗೆ ಆ ಚಾಳಿ ರಕ್ತದಲ್ಲೇ ಇಳಿದಿತ್ತು. ಕೌಂಟರಿನಲ್ಲಿ ಹೋಟೆಲಿನ ಧಣಿ ಕೂತಿದ್ದರೆ ತಲೆ ಬರಿದು, ಗಿರಾಕಿ ಬಾಗಿಲು ತೆರೆದರೂ ಬರಿದು. ಗಳಿಗೆಗೊಮ್ಮೆ ತೆಗೆಯುವ ಮುಟ್ಟಾಳೆಗೆ ಯಾರು ಪಟ್ಟಿ ಕಟ್ಟುತ್ತ ಬಿಚ್ಚುತ್ತ ಕೂರುತ್ತಾರೆ?

"ಪಟ್ಟಿ ಹಾಕಿ ಮಾರಾಯ್ರೆ," ಎಂದು ವಾರಿಜಾ ದಿನಾ ಗೋಗರೆದಳು.

"ಗಲ್ಲಕ್ಕೆ ಹಗ್ಗ ಹಾಕ್ಲಿಕ್ಕೆ ನಾನೇನು ಕೋಣವಾ?"

"ಕೋಣಕ್ಕೆ ಬುದ್ಧಿ ಉಂಟು."

ದಹಿಸರಿನಲ್ಲಿ ರಸ್ತೆ ಅಗೆದು ಕಬ್ಬಿಣದ ತಗಡು ಹಾಸಿದ್ದರು. ಅದರ ಮೇಲೆ ಮಳೆ ನೀರು ನಿಂತಿತ್ತು. ಗಾಡಿ ಬರುವ ಸದ್ದು ಕೇಳದೆ ಹೆಂಗಸೊಬ್ಬಳು ಅಡ್ಡ ದಾಟಿದಳು. ಪೂವಪ್ಪ ಬ್ರೇಕು ಹಿಂಡಿದ. ಚಕ್ರ ಜಾರಿತು. ಹೆಲ್ಮೆಟ್ಟು ಅವನಿಗಿಂತ ಮೊದಲೇ ಹಾರಿ ಗಟಾರದ ಅಂಚಿಗೆ ಉರುಳಿತು. ಹಿಂದೆಯೇ ಅವನ ತಲೆ ತಗಡಿಗೆ ಬಡಿಯಿತು.

ಜೀವ ಉಳಿಯಿತು. ವಾರಿಜಾ ತನ್ನದೇ ವಾರ್ಡಿನಲ್ಲಿ ಗಂಡನ ಮೈ ಒರೆಸಿದಳು.

ಧಣಿ ಎಳನೀರು ಹಿಡಿದುಕೊಂಡು ನೋಡಲು ಬಂದ. "ಹೇಗಿದ್ದಿ ಪೂವಪ್ಪ?"

ಪೂವಪ್ಪ ಮೇಲಿಂದ ಕೆಳಗೆ ನೋಡಿದ. "ಯಾರ್ ಮಾರಾಯ ನೀನು? ಗಾಳಿಗೆ ಅಡ್ಡ ನಿಲ್ಬೇಡ, ಆಚೆ ಹೋಗು."

ಧಣಿಯ ಮುಖ ಕಪ್ಪಿಟ್ಟಿತು. ಎಳನೀರನ್ನು ಮಂಚದ ಕೆಳಗಿಟ್ಟು ಹೊರಟ. ಧಣಿಗೆ ಒಮ್ಮೆಯಾದರೂ ಗಂಡ ಹಾಗೆ ಅನ್ನಬೇಕೆಂದು ವಾರಿಜಾ ಎಷ್ಟೋ ಸಲ ಬಯಸಿದ್ದಳು. ಈಗ ನಗು ಬರಲಿಲ್ಲ.

ಬೆನ್ನಿಗೆ ಹುಣ್ಣಾಗಬಾರದೆಂದು ಅವಳು ಅವನನ್ನು ಮಗ್ಗುಲಿಗೆ ಹೊರಳಿಸತೊಡಗಿದಳು. ಉಳಿದ ರೋಗಿಗಳು ಆಯಾಗಳನ್ನು ಕರೆಯುವ ಹಾಗೆಯೇ ಅವನು ಕರೆದ.

"ಮೌಶಿ, ನಿಮ್ಮ ಯಜಮಾನ್ರಿಗೆ ಎಂತ ಕೆಲಸ?"

"ಹೋಟೆಲಿನಲ್ಲಿದ್ರು," ಎಂದಳು ವಾರಿಜಾ. "ಕಾಲು ಮಡಚಿ."