ಚಪ್ಪಲಿ ಬಿಟ್ಟ ಜಾಗ

ಕಡಲಿನಿಂದ ಎದ್ದು ಬಂದಾಗ ನನ್ನ ಚಪ್ಪಲಿ ಇರಲಿಲ್ಲ. ಟವೆಲ್ಲೂ ಇಲ್ಲ, ಸೈಕಲ್ಲೂ ಇಲ್ಲ. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಆಗಿನ್ನೂ ಎಂಟು ದಿನ. ಬಲೆ ಹೊಲಿಯುತ್ತ ಕೂತಿದ್ದ ಮುದುಕರೊಬ್ಬರನ್ನು ಬಿಟ್ಟರೆ ದಡದಲ್ಲಿ ಯಾರೂ ಇರಲಿಲ್ಲ. ನನ್ನ ಅರೆಬರೆ ತೆಲುಗಿನಲ್ಲಿ ನೇರವಾಗಿ ಅವರ ಮೇಲೇ ಹರಿಹಾಯ್ದೆ. ಅವರು ಕೈಯಲ್ಲಿದ್ದ ಬಲೆ ಕೆಳಗಿಡದೆ ದಕ್ಷಿಣದ ಕಡೆ ಗದ್ದ ತೋರಿಸಿದರು.

“ನೀ ಚೆಪ್ಪುಲು ಅಕ್ಕಡೇ ಉನ್ನಾಯಮ್ಮಾ. ನುವ್ವೇ ಇಕ್ಕಡಿಕಿ ವಚ್ಚೇಸಾವು.”

ನಿನ್ನ ಚಪ್ಪಲಿ ಅಲ್ಲೇ ಇವೆ ತಾಯಿ, ನೀನೇ ಇಲ್ಲಿಗೆ ಬಂದುಬಿಟ್ಟಿದ್ದೀಯ. ಅರ್ಧ ಕಿಲೋಮೀಟರ್ ಆಚೆ ನನ್ನ ಸೈಕಲ್ಲು ಕಡ್ಡಿಯಷ್ಟು ಕಾಣುತ್ತಿತ್ತು. ನೇರ ಹೋಗಿ ನೇರ ಬಂದೆನೆಂದೇ ನಾನು ತಿಳಿದಿದ್ದೆ. ಕಳ್ಳತನದ ಆರೋಪ ಹೊರಿಸಿದ ಬಾಯಲ್ಲೇ ಕ್ಷಮೆ ಕೇಳಿ, ಬರಿಗಾಲಲ್ಲಿ ಅಷ್ಟು ದೂರ ನಡೆದೆ.

ನಾನು ಗದಗಿನವಳು. ನಳಕ್ಕೆ ನೀರು ಬಂದ ದಿನವೇ ಹಬ್ಬ ಅನ್ನುವ ಓಣಿಯಲ್ಲಿ ಬೆಳೆದವಳಿಗೆ ಈಜು ಎಲ್ಲಿಂದ ಬರಬೇಕು? ನಲವತ್ತೊಂದನೆಯ ವಯಸ್ಸಿನಲ್ಲಿ ಬ್ಯಾಂಕು ನನ್ನನ್ನು ವಿಜಯವಾಡಕ್ಕೆ ಎತ್ತಿ ಹಾಕಿತು. ಗಂಡ ವಿರೂಪಾಕ್ಷ ಗದಗಿನಲ್ಲೇ ಹೈಸ್ಕೂಲು ಮಾಸ್ತರು, ಅವರು ಬರುವ ಹಾಗಿರಲಿಲ್ಲ. ಬಾಡಿಗೆ ಮನೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ನಾನು. ಕುಂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ನಸುಕಿನಲ್ಲಿ ಎದ್ದು ಕೃಷ್ಣಾ ನದಿಯ ಘಾಟಿಗೆ ಹೋಗಿ ಈಜುವವರನ್ನು ನೋಡುತ್ತ ನಿಲ್ಲುತ್ತಿದ್ದೆ. ಅರವತ್ತು ದಾಟಿದ ನಿವೃತ್ತ ಟೀಚರೊಬ್ಬರು ಹತ್ತು ದಿನ ಸುಮ್ಮನೆ ನೋಡಿ, ಹನ್ನೊಂದನೆಯ ದಿನ ಕೈ ಹಿಡಿದು ನೀರಿಗಿಳಿಸಿದರು. ಆರು ತಿಂಗಳಲ್ಲಿ ಈಜು ಬಂತು. ಅಲ್ಲಿ ಕೃಷ್ಣೆ ನಿಂತ ನೀರಿನ ಹಾಗೆ ಸಮಾಧಾನಿ, ಇಳಿದ ಮೆಟ್ಟಿಲಿಗೇ ತಂದು ಬಿಡುತ್ತಾಳೆ. ಅಲ್ಲಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ಆ ಸೊಕ್ಕಿನಲ್ಲೇ ನಾನು ಕಡಲಿಗೆ ಇಳಿದದ್ದು.

ಇಷ್ಟರಲ್ಲಿ ಟ್ರಯಥ್ಲಾನ್ ಅನ್ನುವ ಹುಚ್ಚು ತಲೆಗೇರಿತ್ತು. ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಈಜಿ, ಒದ್ದೆ ಮೈಯಲ್ಲೇ ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿದು, ಆಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಡುವುದು. ಇದು ಅರ್ಧ ಅಳತೆಯದು, ಪೂರ್ತಿಯದು ಇದರ ಎರಡರಷ್ಟು. ಗಂಡನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ.

“ಬಸ್ಸು ಸಿಗಲಿಲ್ಲೇನು?” ಅಂತ ಕೇಳಿದರು.

ಇಲ್ಲಿ ಎಂವಿಪಿ ಕಾಲೋನಿಯಲ್ಲಿ ನನಗೊಂದು ಮೂರನೆಯ ಮಹಡಿ ಸಿಕ್ಕಿದೆ. ವಿಜಯವಾಡದ ಸೆಕೆ ಒಲೆಯ ಮುಂದೆ ಕೂತ ಹಾಗೆ, ಇಲ್ಲಿಯದು ಬೇರೆ ಥರ, ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಹೆಸರುಕಾಳು ರುಬ್ಬಿ ಹುಯ್ಯುವ ಪೆಸರಟ್ಟು, ಅದರೊಳಗೆ ಉಪ್ಪಿಟ್ಟು ಮಡಚಿ ಕೊಡುತ್ತಾರೆ. ದೋಸೆಯೊಳಗೆ ಉಪ್ಪಿಟ್ಟೇ ಅಂತ ಮೊದಮೊದಲು ಮುಖ ಸಿಂಡರಿಸಿದ್ದೆ, ಈಗ ಅದಿಲ್ಲದೆ ಭಾನುವಾರ ಬೆಳಗಾಗುವುದಿಲ್ಲ. ಸೈಕಲ್ಲಿನ ಗೆಳೆಯರು ಭೀಮಿಲಿ ರಸ್ತೆಯ ದಿಬ್ಬ ಹತ್ತುವಾಗ ಖರ್ಜೂರ ತಿನ್ನುತ್ತಾರೆ. ನನ್ನ ಜೇಬಿನಲ್ಲಿ ಊರಿನ ಶೇಂಗಾ ಉಂಡಿ. ಒಮ್ಮೆ ಕಡಕ್ ರೊಟ್ಟಿ ಇಟ್ಟುಕೊಂಡು ಹೋಗಿದ್ದೆ, ದಿಬ್ಬ ಮುಗಿಯುವಷ್ಟರಲ್ಲಿ ಅದು ಹಿಟ್ಟಾಗಿತ್ತು.

ಸೈಕಲ್ಲು, ಓಟ ಹೇಗೋ ಒಲಿದವು. ಕಡಲು ಮಾತ್ರ ಪ್ರತಿ ಸಲ ನನ್ನನ್ನು ಬೇರೆಲ್ಲೋ ಎಸೆಯುತ್ತಿತ್ತು. ಕೊನೆಗೆ ಆ ಮುದುಕರನ್ನೇ ಹುಡುಕಿಕೊಂಡು ಹೋದೆ. ಅವರ ಹೆಸರು ಅಪ್ಪಲರಾಜು. ಏನು ನೋಡಿಕೊಂಡು ಈಜುತ್ತೀ ಅಂತ ಕೇಳಿದರು. ರಸ್ತೆಯಂಚಿನ ನೀರಿನ ಟ್ಯಾಂಕು ಅಂದೆ. ಅವರು ನಕ್ಕರು. ಒಂದೇ ಗುರುತು ನೋಡುವವನು ಸರಿದದ್ದು ಅವನಿಗೇ ಗೊತ್ತಾಗುವುದಿಲ್ಲವಂತೆ. ಹತ್ತಿರದ್ದೊಂದು, ದೂರದ್ದೊಂದು, ಎರಡು ಬೇಕು. ಟ್ಯಾಂಕಿನ ಹಿಂದೆ, ಗುಡ್ಡದ ಮೇಲೆ ಒಂದು ಟವರ್ ಇದೆ. ಅದು ಟ್ಯಾಂಕಿನ ನೇರಕ್ಕಿದ್ದರೆ ನೀನು ದಾರಿಯಲ್ಲಿದ್ದೀ, ಬಲಕ್ಕೆ ಇಣುಕಿದರೆ ಎಡಕ್ಕೆ ಈಜು. ಮೀನು ಸಿಗುವ ಜಾಗವನ್ನು ಅವರ ಅಪ್ಪ ಹೀಗೆಯೇ ನೆನಪಿಟ್ಟುಕೊಳ್ಳುತ್ತಿದ್ದರಂತೆ. ಇಷ್ಟನ್ನು ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಕಳೆದ ವಾರ ಗದಗಿಗೆ ವರ್ಗದ ಆದೇಶ ಬಂತು. ಮೂರು ವರ್ಷದಿಂದ ಅರ್ಜಿಯ ಮೇಲೆ ಅರ್ಜಿ ಹಾಕಿ, ಕಂಡಕಂಡ ಮೇಲಧಿಕಾರಿಗಳ ಮುಂದೆ ಕಣ್ಣೀರು ಹಾಕಿ ಬೇಡಿದ ಆದೇಶ. ನಾನು ಹೆಸರು ಕೊಟ್ಟಿದ್ದ ಅರ್ಧ ಅಳತೆಯ ಸ್ಪರ್ಧೆಗೆ ಇನ್ನು ಮೂರು ವಾರವಿತ್ತು. ಆದೇಶ ಓದಿದಾಗ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು, ಅದಕ್ಕೆ ನನಗೇ ನಾಚಿಕೆಯಾಯಿತು.

“ಮೂರು ವಾರ ತಡೀಲೇನ್ರಿ?” ಅಂತ ಗಂಡನನ್ನು ಕೇಳಿದೆ.

“ಮೂರು ವರ್ಷ ತಡದವಗ ಮೂರು ವಾರ ಏನ್ ಭಾರ?” ಅಂದರು. ದನಿ ಮಾತ್ರ ಭಾರವಾಗಿಯೇ ಇತ್ತು.

“ಹಂಗಾರ ಭಾನುವಾರ ಆ ಎರಡೂ ಕಿಲೋಮೀಟರ್ ಈಜಿ ನೋಡ್ತೀನ್ರಿ. ಚಪ್ಪಲಿ ಬಿಟ್ಟಲ್ಲೇ ಎದ್ದು ಬಂದ್ರ ಉಳೀತೀನಿ. ಇಲ್ಲಾಂದ್ರ ಮರುದಿನಾನ ಗಂಟು ಕಟ್ತೀನಿ.”

ಶನಿವಾರ ಸಂಜೆ ಅವರೇ ಬಂದಿಳಿದರು. ಭಾನುವಾರ ಟ್ಯಾಂಕಿನ ನೇರಕ್ಕೆ ಚಪ್ಪಲಿ ಬಿಟ್ಟು ನೀರಿಗಿಳಿದೆ, ಪಕ್ಕದಲ್ಲಿ ಅಪ್ಪಲರಾಜು ಅವರ ತೆಪ್ಪ. ಹೋಗುವಾಗ ತೆಪ್ಪ ನೋಡಿಕೊಂಡು ಹೋದೆ. ತಿರುಗಿ ಬರುವಾಗ ಅವರು ಬೇಕೆಂದೇ ಹಿಂದುಳಿದರು. ಟವರ್ ಬಲಕ್ಕೆ ಇಣುಕಿತು, ಎಡಕ್ಕೆ ಈಜಿದೆ. ಮತ್ತೆ ಇಣುಕಿತು, ಮತ್ತೆ ಎಡಕ್ಕೆ. ತೋಳು ಸೋತು ಅಳು ಬರುವ ಹೊತ್ತಿಗೆ ಕಾಲಿಗೆ ಮರಳು ತಗಲಿತು. ತಲೆಯೆತ್ತಿ ನೋಡಿದರೆ ಟವರ್ ಟ್ಯಾಂಕಿನ ಬೆನ್ನಿಗೇ ಇತ್ತು.

ಆದರೆ ಚಪ್ಪಲಿ ಇರಲಿಲ್ಲ, ಗಂಡನೂ ಇರಲಿಲ್ಲ. ಉತ್ತರಕ್ಕೆ ಅರ್ಧ ಕಿಲೋಮೀಟರ್ ಆಚೆ, ಮೊದಲ ದಿನ ನಾನು ತೇಲಿ ಬಿದ್ದಿದ್ದೆನೆಂದು ಹಿಂದಿನ ಸಂಜೆ ಅವರಿಗೆ ತೋರಿಸಿದ್ದ ಜಾಗದಲ್ಲಿ, ಬಿಳಿ ಅಂಗಿಯೊಂದು ನಿಂತಿತ್ತು. ಕೈ ಬೀಸಿದೆ. ಅವರು ಇತ್ತ ನಡೆದರು, ನಾನು ಅತ್ತ ನಡೆದೆ. ನಡುದಾರಿಯಲ್ಲಿ ಸಿಕ್ಕಾಗ ನನ್ನ ಚಪ್ಪಲಿ ಅವರ ಕೈಯಲ್ಲಿತ್ತು.

“ನಾ ಅಷ್ಟು ದೂರ ಸರಿದು ಬರ್ತೀನಿ ಅಂದ್ಕೊಂಡ್ರೇನು?”

ಅವರು ಕಡಲಿನ ಕಡೆ ನೋಡಿದರು. “ಅಂದ್ಕೊಂಡಿದ್ದಿಲ್ಲ. ಸರಿದು ಅಲ್ಲೇ ಬರ್ಲಿ ಅಂತ ಬೇಡ್ಕೊಂಡು ನಿಂತಿದ್ದೆ.” ಆಮೇಲೆ ಬಗ್ಗಿ ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಇಟ್ಟರು. “ಹಾಕ್ಕೋ. ಉಸುಕು ಕಾದೈತಿ. ಮೂರು ವಾರದ ಅರ್ಜಿ ನಾಳೆ ಕೊಡು.”

ಅರ್ಜಿ ಕೊಟ್ಟಿದ್ದೇನೆ. ಅವರು ಗದಗಿಗೆ ಮರಳಿದ್ದಾರೆ. ಇವತ್ತು ಬೆಳಿಗ್ಗೆಯೂ ಈಜಿ ಚಪ್ಪಲಿ ಬಿಟ್ಟಲ್ಲೇ ಎದ್ದು ಬಂದೆ. ಆದರೆ ನೀರಿನಿಂದ ತಲೆಯೆತ್ತಿದಾಗಲೆಲ್ಲ ಟ್ಯಾಂಕಿಗಿಂತ ಮೊದಲು, ಟವರಿಗಿಂತ ಮೊದಲು, ಕಣ್ಣು ಬಲಕ್ಕೆ ಹೋಗಿ ಆ ಬಿಳಿ ಅಂಗಿಯನ್ನು ಹುಡುಕುತ್ತಿತ್ತು.